ಇಂಜಿನ್ನಿನ ದಮ್ಮು ಎಲ್ಲಿ ಸೋರುತ್ತಿದೆ? ಬಿಚ್ಚುವ ಮೊದಲು ನೀವೇ ನೋಡಿಕೊಳ್ಳಿ



ಟೊಮೇಟೊ ಹೂ ಕಟ್ಟುವ ಹೊತ್ತು. ಕರೆಂಟು ಬರುವುದು ನಡುರಾತ್ರಿಗೆ. ಬಂದರೂ ನಿಲ್ಲುವ ಭರವಸೆಯಿಲ್ಲ. ಕೆರೆಯಂಚಿನ ಡೀಸೆಲ್ ಪಂಪ್‌ಸೆಟ್ಟೇ ಆಧಾರ. ಬೆಳಗಾಗೆದ್ದು ಹ್ಯಾಂಡಲು ಹಾಕಿ ತಿರುಗಿಸುತ್ತೀರಿ. ಇಂಜಿನ್ನು ಹಗ್ಗವಿಲ್ಲದ ರಾಟೆಯ ಹಾಗೆ ಸಲೀಸಾಗಿ ತಿರುಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. ಎಂದಿನಂತೆ ಕೈಗೆ ಎದುರೊತ್ತು ಸಿಗುತ್ತಿಲ್ಲ. ಪಕ್ಕದ ಹೊಲದವರು ಬಂದು ನೋಡಿ, “ಕಂಪ್ರೆಷನ್ ಹೋಗಿದೆ, ಪಿಸ್ಟನ್ನು, ರಿಂಗು, ಲೈನರು ಎಲ್ಲ ಹೊಸದು ಹಾಕಿಸಬೇಕು” ಎಂದುಬಿಡುತ್ತಾರೆ. ಅಷ್ಟು ಕೇಳಿದ ಮೇಲೆ ಸಾವಿರಾರು ರೂಪಾಯಿ ಹೊಂದಿಸುವ ಚಿಂತೆ. ಇಂಜಿನ್ನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಹೂವೆಲ್ಲ ಉದುರಿದರೇನು ಗತಿ ಎಂಬ ಚಿಂತೆ.

ಸ್ವಲ್ಪ ತಾಳಿ. ಕಂಪ್ರೆಷನ್ ಹೋಗುವುದೆಂದರೆ ಜ್ವರ ಬಂದ ಹಾಗೆ. ಜ್ವರ ನೆಗಡಿಯಿಂದಲೂ ಬರುತ್ತದೆ, ವಿಷಮಶೀತದಿಂದಲೂ ಬರುತ್ತದೆ. ಔಷಧ ಕೊಡುವ ಮೊದಲು ಕಾರಣ ತಿಳಿಯಬೇಕು. ಇಂಜಿನ್ನಿನ ದಮ್ಮು ಹೋಗುವುದಕ್ಕೆ ಬೆರಳೆಣಿಕೆಯ ದಾರಿಗಳಿವೆ. ಅವುಗಳಲ್ಲಿ ಕೆಲವನ್ನು ಒಂದು ಸ್ಪ್ಯಾನರಿನಿಂದ ಅರ್ಧ ಗಂಟೆಯಲ್ಲಿ ನೀವೇ ಸರಿಪಡಿಸಬಹುದು. ಯಾವ ದಾರಿಯಿಂದ ಹೋಗುತ್ತಿದೆ ಎಂದು ಕಂಡುಹಿಡಿಯಲು ಬೇಕಾದುದು ನಿಮ್ಮ ಕಿವಿ, ಕೈ, ಒಂದಿಷ್ಟು ಸಾಬೂನಿನ ನೊರೆ ಮತ್ತು ಒಂದು ಚಮಚ ಇಂಜಿನ್ ಆಯಿಲ್ಲು.

ಕಂಪ್ರೆಷನ್ ಎಂದರೇನು?

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಕಂಡಿದ್ದೀರಿ. ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ. ಡೀಸೆಲ್ ಇಂಜಿನ್ನಿನ ಮರ್ಮವೆಲ್ಲ ಇಷ್ಟೇ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲ್ ಎಂಬುವರು ಓಡಿಸಿ ತೋರಿಸಿದ ಇಂಜಿನ್ನು ಇದೇ ತತ್ವದ ಮೇಲೆ ನಡೆಯಿತು.

ನಮ್ಮ ಪಂಪ್‌ಸೆಟ್ಟಿನ ಇಂಜಿನ್ನು ಸಿಲಿಂಡರಿನ ಗಾಳಿಯನ್ನು ಸುಮಾರು ಹದಿನೇಳರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಆಗ ಆ ಗಾಳಿಯ ಶಾಖ 500 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಏರುತ್ತದೆ. ಆ ಕಾದ ಗಾಳಿಯೊಳಕ್ಕೆ ಇಂಜೆಕ್ಟರು ಡೀಸೆಲನ್ನು ಮಂಜಿನಂತೆ ಚಿಮ್ಮಿದ ಕೂಡಲೇ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲಿಲ್ಲ. ಒತ್ತಿದ ಗಾಳಿ ಎಲ್ಲಿಯಾದರೂ ಸೋರಿದರೆ ಶಾಖ ಏರುವುದಿಲ್ಲ. ಡೀಸೆಲ್ಲು ಎಷ್ಟು ಬಿದ್ದರೂ ಹೊತ್ತುವುದಿಲ್ಲ.

ಸೈಕಲ್ ಟ್ಯೂಬಿನಲ್ಲಿರುವುದು ಚದರ ಸೆಂಟಿಮೀಟರಿಗೆ ಮೂರು ಕಿಲೋಗ್ರಾಮಿನಷ್ಟು ಒತ್ತಡ. ಸ್ಥಿತಿ ಚೆನ್ನಾಗಿರುವ ಸಣ್ಣ ಡೀಸೆಲ್ ಇಂಜಿನ್ನಿನಲ್ಲಿ ಅದು ಸುಮಾರು 25ರಿಂದ 35 ಕಿಲೋಗ್ರಾಮ್. ಇಷ್ಟು ಒತ್ತಡಕ್ಕೆ ಕೂದಲೆಳೆಯಷ್ಟು ಸಂದು ಸಿಕ್ಕಿದರೂ ಸಾಕು.

ಮೊದಲು ಎಚ್ಚರಿಕೆ

ಪರೀಕ್ಷೆಗೆ ಇಳಿಯುವ ಮೊದಲು ಈ ನಾಲ್ಕು ಮಾತುಗಳನ್ನು ತಪ್ಪದೆ ಪಾಲಿಸಿರಿ.

1. ಡೀಸೆಲ್ ನಿಲ್ಲಿಸುವ ಲಿವರನ್ನು ಪೂರ್ತಿ ನಿಲುಗಡೆಯ ಕಡೆಗೆ ಇಟ್ಟು ಕಟ್ಟಿಬಿಡಿ. ನೋಡುತ್ತಿರುವಾಗಲೇ ಇಂಜಿನ್ನು ಹೊತ್ತಿಕೊಂಡರೆ ಕೈ ಮುರಿದೀತು.

2. ಹ್ಯಾಂಡಲು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ. ಹ್ಯಾಂಡಲು ಹಿಂದಕ್ಕೆ ಒದ್ದಾಗ ಕೈ ಜಾರಿಕೊಳ್ಳಲು ಅನುಕೂಲ. ಪಂಚೆ, ಟವಲು, ಸೆರಗು ಸಡಿಲವಾಗಿ ಇಳಿಬಿದ್ದಿರಕೂಡದು.

3. ಇಂಜೆಕ್ಟರು ಚಿಮ್ಮುವ ಕಡೆಗೆ ಕೈ ಒಡ್ಡಬೇಡಿ. ಆ ಸಣ್ಣ ಧಾರೆ ಚರ್ಮ ತೂರಿ ಒಳಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸಣ್ಣದೆಂದು ಉದಾಸೀನ ಮಾಡದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

4. ಹೊತ್ತಿಕೊಳ್ಳಲಿ ಎಂದು ಗಾಳಿಯ ಬಾಯಿಗೆ ಪೆಟ್ರೋಲ್ ಸುರಿಯುವ ಅಭ್ಯಾಸ ಕೆಲವರಿಗುಂಟು. ಇದು ಕೂಡದು. ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು, ಇದ್ದ ರಿಂಗನ್ನೂ ಮುರಿಯುತ್ತದೆ. ತಿರುಗಿಸುವವರ ಕೈಯನ್ನೂ ಮುರಿಯುತ್ತದೆ.

ನಿಜವಾಗಿಯೂ ಕಂಪ್ರೆಷನ್ ಹೋಗಿದೆಯೇ?

ಇಂಜಿನ್ನು ಹೊತ್ತದಿದ್ದ ಮಾತ್ರಕ್ಕೆ ಕಂಪ್ರೆಷನ್ ಹೋಗಿದೆ ಎನ್ನುವಂತಿಲ್ಲ. ಡೀಸೆಲ್ಲೇ ಬರದೆ ಇರಬಹುದು. ಇವೆರಡನ್ನು ಬೇರೆ ಮಾಡಿಕೊಳ್ಳುವುದು ಸುಲಭ.

ಲಿವರು ನಿಲುಗಡೆಯಲ್ಲಿರಲಿ. ಹ್ಯಾಂಡಲು ತೆಗೆದಿಡಿ. ಡಿಕಂಪ್ರೆಷನ್ ಲಿವರನ್ನು, ಅಂದರೆ ಹೊತ್ತಿಸುವಾಗ ದಮ್ಮು ಬಿಡಲು ಎತ್ತುವ ಹಿಡಿಯನ್ನು, ಓಡುವ ಸ್ಥಾನಕ್ಕೆ ಹಾಕಿ. ಈಗ ಫ್ಲೈವೀಲಿನ ಅಂಚನ್ನು ಎರಡು ಕೈಯಿಂದ ಹಿಡಿದು, ಅದು ಓಡುವ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಚಕ್ರದ ಕಡ್ಡಿಗಳ ನಡುವೆ ಮಾತ್ರ ಕೈ ಹಾಕಬೇಡಿ. ಎರಡು ಸುತ್ತಿಗೆ ಒಂದು ಸಲ ಗಟ್ಟಿಯಾದ ಎದುರೊತ್ತು ಬರಬೇಕು. ಆಗ ಇನ್ನಷ್ಟು ಒತ್ತಿ ಕೈಬಿಟ್ಟರೆ ಫ್ಲೈವೀಲು ರಬ್ಬರಿಗೆ ತಾಗಿದಂತೆ ಹಿಂದಕ್ಕೆ ಪುಟಿಯಬೇಕು. ಹೀಗೆ ಪುಟಿದರೆ ಕಂಪ್ರೆಷನ್ ಇದೆ. ನಿಮ್ಮ ತೊಂದರೆ ಡೀಸೆಲಿನ ದಾರಿಯಲ್ಲಿ. ಟ್ಯಾಂಕು, ಫಿಲ್ಟರು, ಪೈಪಿನಲ್ಲಿ ಸೇರಿದ ಗಾಳಿ ಇವುಗಳನ್ನು ನೋಡಿ. ಪುಟಿಯದೆ, ಮೆಲ್ಲಗೆ ‘ಸುಸ್’ ಎಂದು ದಾಟಿಹೋದರೆ ದಮ್ಮು ಸೋರುತ್ತಿದೆ ಎಂದೇ ಅರ್ಥ.

ಇನ್ನೊಂದು ಗುರುತುಂಟು. ಬೆಳಿಗ್ಗೆ ತಣ್ಣಗಿರುವಾಗ ಹೊತ್ತದೆ, ಹೇಗೋ ಹೊತ್ತಿ ಕಾದ ಮೇಲೆ ಚೆನ್ನಾಗಿ ಓಡಿ, ನಿಲ್ಲಿಸಿದ ಕೂಡಲೇ ಮತ್ತೆ ಹೊತ್ತಿಸಿದರೆ ಸುಲಭವಾಗಿ ಹೊತ್ತುವ ಇಂಜಿನ್ನಿನಲ್ಲಿ ದಮ್ಮು ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿರುವ ಸಂಭವ ಹೆಚ್ಚು. ಹ್ಯಾಂಡಲು ತಿರುಗಿಸುವಾಗ ಸೈಲೆನ್ಸರಿನಿಂದ ಬಿಳಿ ಹೊಗೆ, ಸುಡದ ಡೀಸೆಲಿನ ವಾಸನೆ ಬರುವುದೂ ಉಂಟು. ಡೀಸೆಲು ಒಳಗೆ ಹೋಗುತ್ತಿದೆ, ಶಾಖ ಸಾಲುತ್ತಿಲ್ಲ ಎಂದು ಇದರ ಸೂಚನೆ.

ಕಾಸಿಲ್ಲದೆ ನೋಡಬಹುದಾದ ಮೂರು ಸಂಗತಿಗಳು

ಒಂದನೆಯದು, ಡಿಕಂಪ್ರೆಷನ್ ಲಿವರು. ಇದು ವಾಲ್ವನ್ನು ಎತ್ತಿ ಹಿಡಿಯುವ ಸಾಧನ. ಇದರ ಸ್ಕ್ರೂ ಹೆಚ್ಚು ಬಿಗಿದಿದ್ದರೆ ಲಿವರು ಇಳಿಸಿದ ಮೇಲೂ ವಾಲ್ವು ಕೊಂಚ ತೆರೆದೇ ಇರುತ್ತದೆ. ಲಿವರು ಇಳಿದಾಗ ಅದಕ್ಕೂ ವಾಲ್ವಿನ ರಾಕರಿಗೂ ನಡುವೆ ಸಂದು ಇರಬೇಕು.

ಎರಡನೆಯದು, ಗಾಳಿಯ ಬಾಯಿ. ಒಳಗೆ ಗಾಳಿಯೇ ಬರದಿದ್ದರೆ ಒತ್ತುವುದೇನನ್ನು? ಕೆಲವು ತಿಂಗಳು ಸುಮ್ಮನೆ ನಿಂತ ಇಂಜಿನ್ನಿನ ಏರ್ ಕ್ಲೀನರಿನಲ್ಲಿಯೋ ಸೈಲೆನ್ಸರಿನಲ್ಲಿಯೋ ಕಡಜ ಮಣ್ಣಿನ ಗೂಡು ಕಟ್ಟಿರುವುದುಂಟು. ಏರ್ ಕ್ಲೀನರು ಬಿಚ್ಚಿ ನೋಡಿ.

ಮೂರನೆಯದು, ಟ್ಯಾಪೆಟ್ಟಿನ ಸಂದು. ಮೇಲಿನ ಮುಚ್ಚಳ ತೆಗೆದು ಫ್ಲೈವೀಲನ್ನು ನಿಧಾನವಾಗಿ ತಿರುಗಿಸಿದರೆ ಎರಡು ರಾಕರುಗಳೂ ಒಂದಾದ ಮೇಲೊಂದು ಏತದಂತೆ ಆಡುವುದು ಕಾಣುತ್ತದೆ. ಒಂದು ಆಡದಿದ್ದರೆ ಅದರ ಪುಷ್ ರಾಡು ಬಾಗಿರಬಹುದು, ಇಲ್ಲವೆ ತನ್ನ ಕುಳಿಯಿಂದ ಜಾರಿರಬಹುದು.

ಎರಡೂ ಆಡುತ್ತಿದ್ದರೆ, ಗಾಳಿ ಎಳೆಯುವ ವಾಲ್ವು ತೆರೆದು ಮುಚ್ಚಿದ ಮೇಲೆ ಪಿಸ್ಟನ್ನು ಮೇಲಕ್ಕೆ ಬರುವ ತನಕ ತಿರುಗಿಸಿ ನಿಲ್ಲಿಸಿ. ಬಹಳ ಇಂಜಿನ್ನುಗಳ ಫ್ಲೈವೀಲಿನ ಮೇಲೆ ಈ ಸ್ಥಾನಕ್ಕೆ ಗುರುತು ಇರುತ್ತದೆ. ಈಗ ಎರಡು ವಾಲ್ವುಗಳೂ ಮುಚ್ಚಿರಬೇಕು. ಎರಡು ಪುಷ್ ರಾಡುಗಳೂ ಬೆರಳಿನಿಂದ ತಿರುಗಿಸಿದರೆ ಹಗುರವಾಗಿ ತಿರುಗಬೇಕು. ಒಂದು ಬಿಗಿದು ಕುಳಿತಿದ್ದರೆ ಆ ವಾಲ್ವು ಪೂರ್ತಿ ಮುಚ್ಚುತ್ತಿಲ್ಲ. ದಮ್ಮು ಅಲ್ಲಿಂದಲೇ ಹೋಗುತ್ತಿದೆ. ಇಂಜಿನ್ನು ತಣ್ಣಗಿರುವಾಗ ಫೀಲರ್ ಗೇಜಿನ ತಕ್ಕ ಹಲ್ಲನ್ನು ಸಂದಿನಲ್ಲಿ ತೂರಿಸಿ ಸ್ಕ್ರೂ ಸರಿಪಡಿಸಿರಿ. ಎಷ್ಟು ಸಂದು ಎಂಬುದು ಇಂಜಿನ್ನಿಂದ ಇಂಜಿನ್ನಿಗೆ ಬೇರೆ. ಅನೇಕ ಸಣ್ಣ ಇಂಜಿನ್ನುಗಳಲ್ಲಿ ಒಂದು ಮಿಲಿಮೀಟರಿನ ಹತ್ತರಲ್ಲಿ ಎರಡು ಪಾಲಿನ ಆಸುಪಾಸು, ನಿಧಾನವಾಗಿ ಓಡುವ ಕೆಲವದರಲ್ಲಿ ಇನ್ನೂ ಹೆಚ್ಚು. ನಿಮ್ಮ ಇಂಜಿನ್ನಿನ ಕೈಪುಸ್ತಕದಲ್ಲಿ ಹೇಳಿದ ಲೆಕ್ಕವೇ ಲೆಕ್ಕ.

ಈ ಮೂರನ್ನು ನೋಡಿ ಮತ್ತೊಮ್ಮೆ ಫ್ಲೈವೀಲನ್ನು ಪುಟಿಸಿ ನೋಡಿ. ಇಲ್ಲಿಗೇ ಕೆಲಸ ಮುಗಿದರೆ ನೀರು ಹಾಯಿಸಲು ಹೊರಡಬಹುದು.

ಕಿವಿಗೊಟ್ಟು ಕೇಳಿರಿ

ಇನ್ನೂ ದಮ್ಮು ಬಾರದಿದ್ದರೆ ಸೋರುವ ಜಾಗ ಹುಡುಕಬೇಕು. ಇದಕ್ಕೆ ಇಬ್ಬರು ಬೇಕು. ಅಕ್ಕಪಕ್ಕ ಸದ್ದಿಲ್ಲದ ಹೊತ್ತು ಒಳ್ಳೆಯದು. ಒಬ್ಬರು ಫ್ಲೈವೀಲನ್ನು ದಮ್ಮು ಕಟ್ಟುವ ಜಾಗಕ್ಕೆ ತಂದು ಒತ್ತಿ ಹಿಡಿಯಲಿ. ಇನ್ನೊಬ್ಬರು ಒಂದೊಂದು ಜಾಗದಲ್ಲೂ ಕಿವಿಗೊಟ್ಟು ಕೇಳಲಿ.

ಏರ್ ಕ್ಲೀನರು ಬಿಚ್ಚಿದ ಬಾಯಿಯಲ್ಲಿ ‘ಸುಸ್’ ಎಂದರೆ: ಗಾಳಿ ಎಳೆಯುವ ವಾಲ್ವು ಸೋರುತ್ತಿದೆ.

ಸೈಲೆನ್ಸರಿನ ಬಾಯಿಯಲ್ಲಿ ಕೇಳಿದರೆ: ಹೊಗೆ ಬಿಡುವ ವಾಲ್ವು ಸೋರುತ್ತಿದೆ. ಬೆಂಕಿಯ ಬಾಯಿಗೆ ಸಿಕ್ಕುವುದು ಇದೇ ಆದುದರಿಂದ ಸುಟ್ಟು ಕೆಡುವುದು ಹೆಚ್ಚಾಗಿ ಇದೇ.

ಆಯಿಲ್ ಹಾಕುವ ಬಾಯಿಯಲ್ಲೋ ಆಯಿಲ್ ನೋಡುವ ಕಡ್ಡಿಯ ತೂತಿನಲ್ಲೋ ಕೇಳಿದರೆ: ರಿಂಗುಗಳನ್ನು ದಾಟಿ ಗಾಳಿ ಕೆಳಗಿಳಿಯುತ್ತಿದೆ. ರಿಂಗು, ಪಿಸ್ಟನ್ನು, ಲೈನರು ಇವುಗಳಲ್ಲಿ ಒಂದು ಕೆಟ್ಟಿದೆ. ಒಳ್ಳೆಯ ಇಂಜಿನ್ನಿನಲ್ಲೂ ಇಲ್ಲಿ ಕೊಂಚ ಗಾಳಿ ಇಳಿಯುವುದು ಸಹಜ. ಕೇಳಿಸುವ ಸದ್ದು ಜೋರಾಗಿದ್ದರೆ ಮಾತ್ರ ಗಮನಿಸಿ.

ಹೆಡ್ಡು ಕೂತ ಜಾಗದ ಸುತ್ತ ಮತ್ತು ಇಂಜೆಕ್ಟರಿನ ಬುಡದಲ್ಲಿ ಸಾಬೂನಿನ ನೊರೆ ಬಳಿಯಿರಿ. ಹೆಡ್ಡಿನ ಅಂಚಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟು ಹೋಗಿದೆ. ಇಂಜೆಕ್ಟರಿನ ಬುಡದಲ್ಲಿ ಎದ್ದರೆ ಅದರ ಕೆಳಗಿನ ತಾಮ್ರದ ವಾಷರು ಕೆಟ್ಟಿದೆ. ಈ ವಾಷರಿನ ಬೆಲೆ ಕೆಲವೇ ರೂಪಾಯಿ. ಇದೊಂದಕ್ಕಾಗಿ ಇಂಜಿನ್ನನ್ನೆಲ್ಲ ಬಿಚ್ಚಿಸಿದರೆ ಎಂಥ ನಷ್ಟ!

ನೀರಿನಲ್ಲೂ ನೋಡಿ. ರೇಡಿಯೇಟರಿನಲ್ಲಿ, ನೀರಿನ ತೊಟ್ಟಿಯಲ್ಲಿ, ಇಲ್ಲವೆ ಇಂಜಿನ್ನಿನಿಂದ ಹೊರಬರುವ ನೀರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ಟು ಒಳಗಡೆ ಸುಟ್ಟಿದೆ ಅಥವಾ ಹೆಡ್ಡು ಬಿರುಕು ಬಿಟ್ಟಿದೆ. ಆಯಿಲ್ಲು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅದಕ್ಕೆ ನೀರು ಸೇರಿದೆ. ಅಂತಹ ಇಂಜಿನ್ನನ್ನು ಒಂದು ಗಳಿಗೆಯೂ ಓಡಿಸಕೂಡದು. ತಿರುಗಿಸುವಾಗ ಫ್ಲೈವೀಲು ಕಲ್ಲಿಗೆ ತಗುಲಿದಂತೆ ಥಟ್ಟನೆ ನಿಂತರೆ ಸಿಲಿಂಡರಿನಲ್ಲೇ ನೀರಿರಬಹುದು. ಬಲ ಹಾಕಿ ತಿರುಗಿಸಬೇಡಿ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡು ಬಾಗುತ್ತದೆ.

ಒಂದು ಚಮಚ ಎಣ್ಣೆಯ ಪರೀಕ್ಷೆ

ವಾಲ್ವೋ ರಿಂಗೋ ಎಂದು ಕಿವಿಗೆ ತಿಳಿಯದಿದ್ದರೆ ಈ ಪರೀಕ್ಷೆ ಮಾಡಿ. ಇಂಜೆಕ್ಟರು ಬಿಚ್ಚಿ ಆ ತೂತಿನಿಂದ, ಇಲ್ಲವೆ ಗಾಳಿಯ ವಾಲ್ವು ತೆರೆದಿರುವಾಗ ಅದರ ದಾರಿಯಿಂದ, ಒಂದೇ ಒಂದು ಚಮಚ ಶುದ್ಧವಾದ ಇಂಜಿನ್ ಆಯಿಲ್ಲನ್ನು ಸಿಲಿಂಡರಿಗೆ ಹಾಕಿ. ಡಿಕಂಪ್ರೆಷನ್ ಲಿವರು ಎತ್ತಿ ಎಂಟು ಹತ್ತು ಸುತ್ತು ನಿಧಾನವಾಗಿ ತಿರುಗಿಸಿ. ಎಣ್ಣೆ ರಿಂಗಿನ ಸುತ್ತ ಹರಡಿಕೊಳ್ಳುತ್ತದೆ. ಇಂಜೆಕ್ಟರು ಬಿಚ್ಚಿದ್ದರೆ ವಾಷರಿನೊಡನೆ ಮತ್ತೆ ಕೂರಿಸಿ, ಲಿವರು ಇಳಿಸಿ ಪುಟಿಸಿ ನೋಡಿ.

ದಮ್ಮು ಈಗ ಸ್ಪಷ್ಟವಾಗಿ ಹೆಚ್ಚಿದರೆ ಸೋರಿಕೆ ರಿಂಗಿನ ಕಡೆ. ಎಣ್ಣೆ ತಾತ್ಕಾಲಿಕವಾಗಿ ಸಂದು ಮುಚ್ಚಿತು ಎಂದರ್ಥ. ಏನೂ ವ್ಯತ್ಯಾಸ ಕಾಣದಿದ್ದರೆ ಸೋರಿಕೆ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇದೆ. ಪಿಸ್ಟನ್ನು ತೂತಾಗಿದ್ದರೂ ಎಣ್ಣೆಯಿಂದ ಪ್ರಯೋಜನವಾಗದು. ಆದರೆ ಆಗ ಆಯಿಲ್ ಬಾಯಿಯ ಸದ್ದೇ ಗುಟ್ಟು ಹೇಳುತ್ತದೆ. ಚಮಚಕ್ಕಿಂತ ಹೆಚ್ಚು ಎಣ್ಣೆ ಹಾಕಬೇಡಿ. ನೀರಿನಂತೆ ಎಣ್ಣೆಯೂ ಕುಗ್ಗುವುದಿಲ್ಲ. ಅಲ್ಲದೆ ಹೆಚ್ಚಾದ ಎಣ್ಣೆಯನ್ನೇ ಉರಿಸಿಕೊಂಡು ಇಂಜಿನ್ನು ಹಿಡಿತಕ್ಕೆ ಸಿಗದೆ ಓಡೀತು.

ಹೆಡ್ಡು ಬಿಚ್ಚಿದಾಗ ಏನೇನು ನೋಡಬೇಕು?

ವಾಲ್ವು, ಗ್ಯಾಸ್ಕೆಟ್ಟು, ರಿಂಗು ಇವುಗಳಲ್ಲಿ ಒಂದು ಎಂದು ಖಚಿತವಾದ ಮೇಲೆ ಹೆಡ್ಡು ಬಿಚ್ಚಬಹುದು. ಮೆಕ್ಯಾನಿಕ್ಕರಿಂದ ಮಾಡಿಸಿದರೂ ನೀವು ಎದುರಿಗಿದ್ದು ನೋಡಿರಿ.

ವಾಲ್ವಿನ ಪರೀಕ್ಷೆಗೆ ಹೆಡ್ಡನ್ನು ಅಂಗಾತ ಮಲಗಿಸಿ, ವಾಲ್ವುಗಳ ಮೇಲೆ ಕೊಂಚ ಸೀಮೆಎಣ್ಣೆ ಅಥವಾ ಡೀಸೆಲ್ ಹೊಯ್ದು ಹತ್ತು ನಿಮಿಷ ಬಿಡಿ. ಕೆಳಗಿನ ದಾರಿಯಲ್ಲಿ ಒದ್ದೆ ಕಂಡ ವಾಲ್ವು ಸೋರುತ್ತಿದೆ. ಅಂಚು ಕರಿಹಿಡಿದಿದ್ದರೆ, ಸಣ್ಣ ಗುಳಿ ಬಿದ್ದಿದ್ದರೆ ಗ್ರೈಂಡಿಂಗ್ ಪೇಸ್ಟು ಹಚ್ಚಿ ಉಜ್ಜಿ ಕೂರಿಸಬಹುದು. ಸುತ್ತಲೂ ಎಡೆಬಿಡದೆ ಬೂದುಬಣ್ಣದ ಒಂದೇ ಗೆರೆ ಬಂದರೆ ಕೆಲಸ ಸರಿಯಾಯಿತು. ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆಯಬೇಕು. ಉಳಿದರೆ ಅದೇ ರಿಂಗನ್ನು ತಿನ್ನುತ್ತದೆ. ಅಂಚು ಸುಟ್ಟು ತುಂಡಾದ ವಾಲ್ವನ್ನು ಉಜ್ಜಿ ಫಲವಿಲ್ಲ, ಬದಲಾಯಿಸಬೇಕು.

ಗ್ಯಾಸ್ಕೆಟ್ಟು ಸುಟ್ಟಿದ್ದರೆ ಆ ಜಾಗದಲ್ಲಿ ಕರಿಯ ಗೆರೆ ಕಾಣುತ್ತದೆ. ಸುಟ್ಟದ್ದನ್ನು ಮತ್ತೆ ಬಿಗಿದು ಪ್ರಯೋಜನವಿಲ್ಲ, ಹೊಸದೇ ಬೇಕು. ಹೆಡ್ಡಿನ ಮೇಲೆ ಉಕ್ಕಿನ ಸ್ಕೇಲನ್ನು ಅಂಚಿನಲ್ಲಿ ನಿಲ್ಲಿಸಿ, ಅಡಿಯಲ್ಲಿ ಬೆಳಕು ತೂರುವುದೇ ನೋಡಿ. ತೂರಿದರೆ ಹೆಡ್ಡು ಬಾಗಿದೆ. ಅದನ್ನು ಸಮ ಮಾಡಿಸದೆ ಹೊಸ ಗ್ಯಾಸ್ಕೆಟ್ಟು ಹಾಕಿದರೆ ಅದೂ ಸುಡುತ್ತದೆ. ನಟ್ಟುಗಳನ್ನು ಒಂದೇ ಕಡೆಯಿಂದ ಬಿಗಿಯದೆ, ಎದುರುಬದುರಾಗಿ ಎರಡು ಮೂರು ಸರದಿಯಲ್ಲಿ, ಕೈಪುಸ್ತಕದಲ್ಲಿ ಹೇಳಿದಷ್ಟು ಬಿಗಿಯಬೇಕು. ಆಮೇಲೆ ಟ್ಯಾಪೆಟ್ಟಿನ ಸಂದನ್ನು ಮತ್ತೆ ನೋಡಲೇಬೇಕು.

ರಿಂಗಿನ ವಿಚಾರದಲ್ಲಿ, ಅದು ಸವೆದಿದೆಯೋ ಕರಿಹಿಡಿದು ಗಾಡಿಯಲ್ಲಿ ಅಂಟಿಕೊಂಡಿದೆಯೋ ಎಂದು ನೋಡಬೇಕು. ಅಂಟಿದ್ದರೆ ಬಿಡಿಸಿ, ಗಾಡಿ ಶುಚಿ ಮಾಡಿದರೆ ಸಾಕಾಗುವುದುಂಟು. ಸವೆತ ತಿಳಿಯಲು ರಿಂಗೊಂದನ್ನೇ ಲೈನರಿನೊಳಗೆ ಸಮವಾಗಿ ತೂರಿಸಿ, ಅದರ ತುದಿಗಳ ನಡುವಿನ ಸಂದನ್ನು ಅಳೆದು ಕೈಪುಸ್ತಕದೊಡನೆ ಹೋಲಿಸಬೇಕು. ಲೈನರಿನ ಮೇಲಂಚಿನ ಬಳಿ ಉಗುರು ಎಳೆಯಿರಿ. ಉಗುರು ತಡೆಯುವಷ್ಟು ಮೆಟ್ಟಿಲು ಬಿದ್ದಿದ್ದರೆ ಲೈನರೇ ಸವೆದಿದೆ. ಅಂಥ ಕಡೆ ಹೊಸ ರಿಂಗು ಮಾತ್ರ ಹಾಕಿದರೆ ಹಣ ದಂಡ.

ಪೆಟ್ರೋಲಿನ ಸಣ್ಣ ಇಂಜಿನ್ನುಗಳು

ಕಳೆ ತೆಗೆಯುವ ಯಂತ್ರ, ಔಷಧಿ ಹೊಡೆಯುವ ಪಂಪು ಮುಂತಾದ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಇಂಜಿನ್ನುಗಳಿಗೂ ಮೇಲಿನ ಮಾತೆಲ್ಲ ಒಪ್ಪುತ್ತದೆ. ಇಂಜೆಕ್ಟರಿನ ಬದಲು ಸ್ಪಾರ್ಕ್ ಪ್ಲಗ್ಗು ಅಷ್ಟೇ. ಒಂದು ಭೇದ ತಿಳಿದಿರಲಿ. ಹಗ್ಗ ಎಳೆಯಲು ಹಗುರಾಗಲೆಂದು ಅನೇಕ ಇಂಜಿನ್ನುಗಳಲ್ಲಿ, ನಿಧಾನವಾಗಿ ತಿರುಗುವಾಗ ಒಂದು ವಾಲ್ವನ್ನು ತುಸುವೇ ಎತ್ತಿ ಹಿಡಿಯುವ ಏರ್ಪಾಡು ಒಳಗೇ ಇರುತ್ತದೆ. ಆದುದರಿಂದ ಹಗ್ಗ ಹಗುರವಾಗಿ ಬಂದಿತೆಂದೋ, ಒತ್ತಡ ಅಳೆಯುವ ಗೇಜು ಕಡಿಮೆ ತೋರಿಸಿತೆಂದೋ ಇಂಜಿನ್ನು ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಪಿಸ್ಟನ್ನನ್ನು ದಮ್ಮಿನ ತುದಿಗೆ ತಂದು, ಪ್ಲಗ್ಗಿನ ತೂತಿನಿಂದ ಕಂಪ್ರೆಸರಿನ ಗಾಳಿ ಬಿಟ್ಟು, ಎಲ್ಲಿ ಹೊರಬರುತ್ತದೆಂದು ಕೇಳುವುದೇ ಖಚಿತವಾದ ಪರೀಕ್ಷೆ. ಗಾಳಿ ಬಿಟ್ಟಾಗ ಇಂಜಿನ್ನು ಗಕ್ಕನೆ ತಿರುಗಬಹುದಾದ ಕಾರಣ ಇದನ್ನು ವರ್ಕ್‌ಷಾಪಿನಲ್ಲಿ ಬಲ್ಲವರಿಂದಲೇ ಮಾಡಿಸಿರಿ.

ಮತ್ತೆ ದಮ್ಮು ಹೋಗದಿರಲು

ರಿಂಗು ಮತ್ತು ಲೈನರಿಗೆ ದೊಡ್ಡ ಶತ್ರು ನಮ್ಮ ಹೊಲದ ಧೂಳು. ಏರ್ ಕ್ಲೀನರು ಇಲ್ಲದೆ ಓಡುವ ಇಂಜಿನ್ನು ಮರಳು ನುಂಗುತ್ತ ಓಡುತ್ತಿದೆ ಎಂದು ತಿಳಿಯಿರಿ. ಎಣ್ಣೆ ಹಾಕುವ ಮಾದರಿಯ ಕ್ಲೀನರಾದರೆ ಗುರುತಿನ ತನಕ ಎಣ್ಣೆ ಇದೆಯೇ, ಅದು ಕೆಸರಾಗಿದೆಯೇ ಎಂದು ಆಗಾಗ್ಗೆ ನೋಡಿ. ಧೂಳಿನ ಕಾಲದಲ್ಲಿ ಪ್ರತಿದಿನ ನೋಡುವುದು ಒಳ್ಳೆಯದು. ಇಂಜಿನ್ ಆಯಿಲ್ಲಿನ ಮಟ್ಟವನ್ನು ದಿನವೂ ನೋಡಿ, ಹೇಳಿದ ಗಂಟೆಗಳಿಗೆ ಸರಿಯಾಗಿ ಬದಲಾಯಿಸಿ. ಓಡುವಾಗ ತಣಿಸುವ ನೀರು ನಿಂತರೆ ಕೂಡಲೇ ಇಂಜಿನ್ನು ನಿಲ್ಲಿಸಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ಡು ಬಿರಿಯುತ್ತದೆ. ಓಡಿದ ಗಂಟೆಗಳನ್ನು ಗೋಡೆಯ ಮೇಲಾದರೂ ಬರೆದಿಡಿ.

ಕೊನೆಯ ಮಾತು

ಪರೀಕ್ಷೆಯಿಂದ ಲೈನರೇ ಸವೆದಿದೆ ಎಂದು ತಿಳಿದರೆ ಪೇಟೆಗೆ ಒಯ್ಯಲೇಬೇಕು. ಆ ಖರ್ಚು ತಪ್ಪದು. ಆದರೆ ಆಗಲೂ ನೀವು, “ಕಂಪ್ರೆಷನ್ ಇಲ್ಲ, ನೋಡಿ” ಎಂದು ಬರಿಗೈಯಲ್ಲಿ ನಿಲ್ಲುವುದಿಲ್ಲ. “ಟ್ಯಾಪೆಟ್ಟು ನೋಡಿದ್ದೇನೆ, ಎಣ್ಣೆ ಹಾಕಿದಾಗ ದಮ್ಮು ಬಂತು, ಆಯಿಲ್ ಬಾಯಿಯಲ್ಲಿ ಸದ್ದು ಇದೆ” ಎಂದು ಹೇಳಬಲ್ಲಿರಿ. ಹಾಗೆ ಹೇಳಬಲ್ಲವರ ಇಂಜಿನ್ನಿಗೆ ಬೇಡದ ಸಾಮಾನು ಬೀಳುವುದು ಕಡಿಮೆ. ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ಪಡೆದು, ಸವೆತವನ್ನು ಕಣ್ಣಾರೆ ನೋಡಿರಿ.

ಈ ಪುಟವನ್ನು ಕತ್ತರಿಸಿ ಪಂಪ್‌ಮನೆಯಲ್ಲಿ ಅಂಟಿಸಿಡಿ. ಇಂಜಿನ್ನು ಚೆನ್ನಾಗಿರುವಾಗಲೇ ಒಮ್ಮೆ ಫ್ಲೈವೀಲನ್ನು ಪುಟಿಸಿ, ಅದರ ದಮ್ಮು ಕೈಗೆ ಹೇಗಿರುತ್ತದೆಂದು ಮನೆಯ ಮಕ್ಕಳಿಗೂ ತೋರಿಸಿರಿ. ಇರುವುದನ್ನು ಬಲ್ಲವರಿಗೆ ಹೋದದ್ದು ಬೇಗ ತಿಳಿಯುತ್ತದೆ.